ಎಷ್ಟು ನೆಟ್ಟಿರಿ ಅಂತ ಹೇಳಬೇಡಿ, ಎಷ್ಟು ಉಳೀತು ಹೇಳಿ

ಹೋದ ಮಳೆಗಾಲದಲ್ಲಿ ನಾವೆಲ್ಲ ಗುಂಪಾಗಿ ಹೋಗಿ ಕಾಡಿನಂಚಿನಲ್ಲಿ ಸಸಿ ನೆಟ್ಟು ಬಂದಿದ್ದೆವಲ್ಲ, ಇವತ್ತು ಅಲ್ಲಿಗೆ ಹೋಗಿದ್ದೆ. ಆಳೆತ್ತರ ಹುಲ್ಲು. ಅದರೊಳಗೆ ಒಂದು ಒಣಕಡ್ಡಿ ಹಿಡಿದೆಳೆದರೆ ಸಲೀಸಾಗಿ ಕಿತ್ತು ಬಂತು, ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ! ಬೇರು ಚೀಲದೊಳಗೇ ಸುತ್ತಿ ಸುತ್ತಿ ಸಿಂಬಿಯಾಗಿತ್ತು. ಹೊರಗಿನ ಮಣ್ಣು ಅದಕ್ಕೆ ಸೋಕಿಯೇ ಇರಲಿಲ್ಲ. ಅಳು ಬಂತು. ನೆಟ್ಟವರಲ್ಲಿ ನಾನೂ ಇದ್ದೆ, ಫೋಟೋ ಹಾಕಿ ಲೈಕ್ ತಗೊಂಡವರಲ್ಲೂ ಇದ್ದೆ.

ಲಕ್ಷ ನೆಟ್ಟೆವು, ಕೋಟಿ ನೆಟ್ಟೆವು ಅಂತಾರೆ. ಉಳಿದದ್ದೆಷ್ಟು? ಏಷ್ಯಾದ ಉಷ್ಣವಲಯದ 176 ಕಡೆಗಳ ಲೆಕ್ಕ ನೋಡಿದ ಸಂಶೋಧಕರು, ನೆಟ್ಟ ಸಸಿಗಳಲ್ಲಿ ಸರಾಸರಿ ಶೇ. 18ರಷ್ಟು ಮೊದಲ ವರ್ಷವೇ ಸಾಯುತ್ತವೆ, ಐದು ವರ್ಷಕ್ಕೆ ಅದು ಶೇ. 44 ಆಗುತ್ತದೆ ಅಂತ 2022ರಲ್ಲಿ ಬರೆದರು. ಆದರೆ ಕೆಲವು ಕಡೆ ಐದು ವರ್ಷದ ಮೇಲೂ ನೂರಕ್ಕೆ ಎಂಬತ್ತು ಉಳಿದಿವೆ. ಅಂದರೆ ಉಳಿಸೋದು ಸಾಧ್ಯ ಇದೆ!

ಬದುಕಿದರೂ ಯಾವ ಗಿಡ ಅನ್ನೋದು ಇನ್ನೊಂದು ಸಂಕಟ. ಹಾಳಾದ ಕಾಡನ್ನು ಮರಳಿ ಬೆಳೆಸೋಣ ಅಂತ 2011ರಲ್ಲಿ ಶುರುವಾದ ಬಾನ್ ಚಾಲೆಂಜ್‌ನಡಿ ದೇಶಗಳು ಕೊಟ್ಟ ಮಾತನ್ನು 2019ರಲ್ಲಿ ಲೆಕ್ಕ ಹಾಕಿದಾಗ, ಶೇ. 45ರಷ್ಟು ಜಾಗ ಅಕೇಶಿಯಾ, ನೀಲಗಿರಿಯಂಥ ಒಂದೇ ಜಾತಿಯ ನೆಡುತೋಪುಗಳಿಗೆ ಅಂತ ಗೊತ್ತಾಯಿತು. ಅಲ್ಲಿ ಮಂಗಟ್ಟೆ ಹಕ್ಕಿಗೆ ತಿನ್ನಲು ಹಣ್ಣಿಲ್ಲ, ಗೂಡಿಗೆ ಪೊಟರೆಯಿಲ್ಲ. ಮಂಗಟ್ಟೆ, ಬಾವಲಿ ಬಾರದ ಕಡೆಗೆ ಮುಂದಿನ ಮರದ ಬೀಜ ಯಾರು ತರಬೇಕು?

"ಏನೂ ಮಾಡದೇ ಇರೋದಕ್ಕಿಂತ ವಾಸಿ ಅಲ್ವಾ?" ಅಂತ ಗೆಳೆಯರೊಬ್ಬರು ಕೇಳಿದರು. ಇಲ್ಲ ಮಾರಾಯ್ರೇ. ಕೋಸ್ಟರಿಕಾದ ಗ್ವಾನಕಾಸ್ಟೆಯಲ್ಲಿ ಪರಿಸರ ವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್, ವಿನಿ ಹಾಲ್‌ವಾಕ್ಸ್ ಮತ್ತು ಅಲ್ಲಿನ ಜನ ಹುಲ್ಲಿಗೆ ಬೀಳುವ ಬೆಂಕಿ ತಡೆದರು, ಅಷ್ಟೇ ಮುಖ್ಯ ಕೆಲಸ. ಗಾಳಿಯೂ ಪ್ರಾಣಿಗಳೂ ತಂದ ಬೀಜದಿಂದಲೇ ಕಾಡು ಮರಳಿತು. ಹತ್ತಿರದಲ್ಲಿ ಬೀಜ ಕೊಡುವ ಕಾಡು ಇಲ್ಲದ ಕಡೆ ನೆಡಲೇಬೇಕು, ನಿಜ. ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಸಂಶೋಧಕರು ಹಾಗೇ ನೆಡುತ್ತಾರೆ: ಅಲ್ಲಿನದೇ 20–30 ಜಾತಿ ಆರಿಸಿ, ಬೇಗ ನೆರಳು ಕಟ್ಟುವವು, ಹಕ್ಕಿ ಕರೆಯುವವು. ಆಮೇಲೆ ಎರಡು ಮಳೆಗಾಲ ಕಳೆ ತೆಗೆಯುತ್ತಾರೆ. ಕಳೆ ತೆಗೆಯೋದನ್ನು ಯಾರೂ ಫೋಟೋ ಹೊಡೆಯಲ್ಲ ನೋಡಿ, ಅದಕ್ಕೇ ನಮ್ಮಲ್ಲಿ ಅದು ಆಗೋದೂ ಇಲ್ಲ.

ಹುಲ್ಲು ಸರಿಸುತ್ತಾ ಹೋದಾಗ ನಾಲ್ಕು ಸಸಿ ಬದುಕಿದ್ದು ಸಿಕ್ಕಿದವು. ಒಂದರ ತುದಿಯಲ್ಲಿ ತಾಮ್ರದ ಬಣ್ಣದ ಎರಡು ಚಿಗುರೆಲೆ. ಭಾನುವಾರ ಕತ್ತಿ ತಗೊಂಡು ಅಲ್ಲಿಗೇ ಹೋಗ್ತಿದ್ದೀನಿ, ಬರೋರು ಬನ್ನಿ. ಹೊಸ ಸಸಿ ಮಾತ್ರ ತರಬೇಡಿ.