ನೆಲಮಹಡಿ ಕಾರಿಗೋ, ಮನುಷ್ಯರಿಗೋ?

ಪರ: ಕಾರಿಗೇ ಇರಲಿ

ಬೆಂಗಳೂರಿನಲ್ಲಿ 30x40ರ ನಿವೇಶನವೆಂದರೆ 1,200 ಚದರ ಅಡಿ. ಸುತ್ತ ಬಿಡಬೇಕಾದ ಜಾಗವನ್ನು ಕಳೆದರೆ ಕಟ್ಟಲು ಉಳಿಯುವುದು ಇನ್ನೂ ಕಡಿಮೆ. ಅಷ್ಟರಲ್ಲೇ ಮಹಡಿಯ ಮೇಲೆ ಮಹಡಿ ಕಟ್ಟಿ ಮೂರು ಸಂಸಾರಗಳಿಗೆ ಬಾಡಿಗೆ ಕೊಡುವವರು, ಆ ಮೂರೂ ಮನೆಗಳ ವಾಹನಗಳಿಗೆ ತಮ್ಮ ನೆಲದಲ್ಲೇ ಜಾಗ ಕೊಡಬೇಕೇ ಹೊರತು ಸಾರ್ವಜನಿಕ ರಸ್ತೆಯನ್ನು ತೋರಿಸುವುದು ನ್ಯಾಯವಲ್ಲ. ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ಕೆಳಭಾಗವನ್ನು ತೆರೆದಿಡುವ ಸ್ಟಿಲ್ಟ್ ಪದ್ಧತಿ ಇದಕ್ಕೆ ಸುಲಭದ ದಾರಿ. ನಿಲುಗಡೆಯ ಜಾಗವನ್ನು ಎಫ್‌ಎಆರ್ (ನಿವೇಶನದ ಅಳತೆಗೆ ತಕ್ಕಂತೆ ಒಟ್ಟು ಎಷ್ಟು ಚದರ ಅಡಿ ಕಟ್ಟಬಹುದೆಂಬ ಮಿತಿ) ಲೆಕ್ಕದಿಂದ ಹೊರಗಿಡುವ ನಿಯಮವೂ ಅದನ್ನೇ ಪ್ರೋತ್ಸಾಹಿಸುತ್ತದೆ. ಮಳೆಯ ಮಾತೂ ಇದೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಆಸುಪಾಸಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ನೆಲಮಟ್ಟದ ಮನೆಗಳೇ ಮೊದಲು ಜಲಾವೃತವಾದವು. ಮುಳುಗಿದ ಕಾರಿಗೆ ವಿಮೆ ಕೇಳಬಹುದು; ಅಡುಗೆಮನೆಗೆ ಹೊಕ್ಕ ಚರಂಡಿ ನೀರಿಗೆ ಯಾರನ್ನು ಕೇಳುವುದು?

ವಿರೋಧ: ಮನುಷ್ಯರಿಗೆ ಬೇಕು

ಕೆಳಗಿನ ಅಂತಸ್ತನ್ನು ಟೊಳ್ಳಾಗಿಸಿದರೆ ಏನಾಗಬಹುದೆಂಬುದನ್ನು 2001ರ ಜನವರಿ 26ರಂದು ಅಹಮದಾಬಾದ್ ಕಂಡಿತು. ಭೂಕಂಪದ ಕೇಂದ್ರ 200 ಕಿಲೋಮೀಟರಿಗೂ ಹೆಚ್ಚು ದೂರದ ಕಛ್‌ನಲ್ಲಿದ್ದರೂ, ನಿಲುಗಡೆಗೆಂದು ನೆಲಮಹಡಿಯನ್ನು ತೆರೆದಿಟ್ಟಿದ್ದ ಅನೇಕ ಬಹುಮಹಡಿ ಕಟ್ಟಡಗಳು ಅಲ್ಲಿ ಕುಸಿದವು. ಮೇಲಿನ ಅಂತಸ್ತುಗಳು ಇಟ್ಟಿಗೆ ಗೋಡೆಗಳಿಂದ ಬಿಗಿಯಾಗಿದ್ದು ಕೆಳಗೆ ಬರೀ ಕಂಬಗಳಿದ್ದಾಗ, ಓಲಾಟವೆಲ್ಲ ಆ ಕಂಬಗಳಲ್ಲೇ ಕೇಂದ್ರೀಕರಿಸುತ್ತದೆ. ಮರುವರ್ಷವೇ ಪರಿಷ್ಕೃತವಾದ, ಭೂಕಂಪ ತಾಳುವ ಕಟ್ಟಡ ವಿನ್ಯಾಸದ ಭಾರತೀಯ ಮಾನಕ ಐಎಸ್ 1893, ಇಂಥ ಅಂತಸ್ತಿನ ಕಂಬ-ತೊಲೆಗಳನ್ನು ಎರಡೂವರೆ ಪಟ್ಟು ಹೆಚ್ಚಿನ ಬಲಕ್ಕೆ ವಿನ್ಯಾಸಗೊಳಿಸಬೇಕೆಂದಿತು. ಬೆಂಗಳೂರಿನಲ್ಲಿ ಭೂಕಂಪದ ಅಪಾಯ ಕಡಿಮೆ ಎಂಬುದು ನಿಜ. ಕಡಿಮೆ ಎಂದರೆ ಇಲ್ಲವೆಂದಲ್ಲ.

ಆದರೆ ನನ್ನ ಮುಖ್ಯ ತಕರಾರು ಮೆಟ್ಟಿಲಿನದು. ಲಿಫ್ಟ್ ಇಲ್ಲದ ಈ ಚಿಕ್ಕ ಕಟ್ಟಡಗಳಲ್ಲಿ ಮಂಡಿನೋವಿನ ಹಿರಿಯರು ಮೊದಲ ಮಹಡಿಯಲ್ಲಿ ಬಂಧಿಗಳಾಗುತ್ತಾರೆ. ಹಿಂದೆ ಅವರು ಕೂರುತ್ತಿದ್ದ ಜಗುಲಿಯಿಂದ ಬೀದಿಗೆ ಒಂದು ಕಣ್ಣಿರುತ್ತಿತ್ತು. ಈಗ ಅಲ್ಲಿ ಕಾಣುವುದು ರೋಲಿಂಗ್ ಶಟರ್. (ಶಾಸಕಾಂಗದ ಭಾಷೆಯಲ್ಲಿ ‘ಕೆಳಮನೆ’ ಎಂದರೆ ಜನ ನೇರವಾಗಿ ಆರಿಸಿದವರ ಸಭೆ, ನಮ್ಮ ಕಟ್ಟಡಗಳ ಕೆಳಮನೆಯಲ್ಲಿ ಜನರೇ ಇಲ್ಲ.)

ಒಂದೇ ಕಾರಿಗೆ ಜಾಗ ಬಿಟ್ಟು, ಕೆಳಗೊಂದು ಕೋಣೆಯನ್ನೂ ಬಚ್ಚಲನ್ನೂ ಉಳಿಸಿಕೊಳ್ಳುವ ನಕ್ಷೆ ಅಸಾಧ್ಯವೇನಲ್ಲ. ನೀರು ನಿಲ್ಲುವ ಕಡೆ ಪಾಯವನ್ನು ರಸ್ತೆಗಿಂತ ಎತ್ತರಿಸಿ, ಅಲ್ಲಿಗೆ ಮೆಟ್ಟಿಲಿನ ಬದಲು ಇಳಿಜಾರು ಮಾಡಬಹುದು. ಗೋಡೆಗಳೆಲ್ಲ ಒಂದೇ ಬದಿಗೆ ಸೇರಿದರೆ ಕಟ್ಟಡ ಕಂಪನದಲ್ಲಿ ತಿರುಚಿಕೊಳ್ಳುವ ಅಪಾಯವಿರುವುದರಿಂದ, ಆ ನಕ್ಷೆಯನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸಬೇಕು.