ಇಲಾಖೆಗೊಬ್ಬ ವಕೀಲರು ಬೇಕೆ?

ರಾಜ್ಯ ಸರ್ಕಾರದ ಪ್ರತಿಯೊಂದು ಇಲಾಖೆಯೂ ತನ್ನದೇ ವಕೀಲರನ್ನು ನೇಮಿಸಿಕೊಂಡರೆ ಪ್ರಕರಣಗಳಲ್ಲಿ ಸೋಲುವುದು ತಪ್ಪುತ್ತದೆ ಎಂಬ ವಾದವನ್ನು ಅಧಿಕಾರಿಗಳ ವಲಯದಲ್ಲಿ ಆಗಾಗ ಕೇಳುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ಸರ್ಕಾರ ಎಷ್ಟೋ ಪ್ರಕರಣಗಳನ್ನು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ತನ್ನ ಕಚೇರಿಯಲ್ಲಿ ಸೋತಿರುತ್ತದೆ.

ರಿಟ್ ಅರ್ಜಿಯ ಪ್ರತಿ ಕೈಸೇರಿದ ಮೇಲೆ ಅದಕ್ಕೆ ಪ್ಯಾರಾವಾರು ಉತ್ತರ ಸಿದ್ಧಪಡಿಸಬೇಕಾದವರು ಇಲಾಖೆಯವರೇ. ಹತ್ತು ಕೆಲಸಗಳ ನಡುವೆ ಸಿಲುಕಿದ, ಕಾನೂನು ಓದಿರದ ವಿಷಯ ನಿರ್ವಾಹಕರೊಬ್ಬರು (ಕಡತ ನೋಡಿಕೊಳ್ಳುವ ಸಿಬ್ಬಂದಿ) ಹಳೆಯ ಟಿಪ್ಪಣಿಯನ್ನೇ ತಿದ್ದಿ ಬರೆದು ಮೇಲಕ್ಕೆ ಕಳುಹಿಸುತ್ತಾರೆ. ಕಡತ ಒಂದೊಂದೇ ಮೇಜು ದಾಟಿ ಬರುವಷ್ಟರಲ್ಲಿ, ಹೇಳಲು ಏನೂ ಇಲ್ಲದ ಸರ್ಕಾರಿ ವಕೀಲರು ವಾಯಿದೆ ಕೇಳುತ್ತಾ ನಿಂತಿರುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ದಾವೆಗೆ ಎರಡು ತಿಂಗಳು ಮೊದಲೇ ಸರ್ಕಾರಕ್ಕೆ ನೋಟಿಸ್ ಕೊಡಬೇಕೆಂಬ ನಿಯಮವಿರುವುದು ಕೋರ್ಟಿಗೆ ಹೋಗದೆಯೇ ವ್ಯಾಜ್ಯ ಮುಗಿಯಲಿ ಎಂಬ ಕಾರಣಕ್ಕೆ. ಬಹುತೇಕ ನೋಟಿಸುಗಳಿಗೆ ಉತ್ತರವೇ ಹೋಗುವುದಿಲ್ಲ, ಹೋದರೂ ಅಸ್ಪಷ್ಟವಾಗಿರುತ್ತದೆ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಆಕ್ಷೇಪಿಸಿ, ಇದಕ್ಕೆಂದೇ ಅಧಿಕಾರಿಗಳನ್ನು ಗೊತ್ತುಪಡಿಸುವಂತೆ ಸೂಚಿಸಿತ್ತು. 2020ರಲ್ಲಿ 663 ದಿನ ತಡವಾಗಿ ಬಂದ ಮಧ್ಯಪ್ರದೇಶ ಸರ್ಕಾರದ ಮೇಲ್ಮನವಿಯನ್ನು ಅದೇ ನ್ಯಾಯಾಲಯ ವಜಾಗೊಳಿಸಿ, 25,000 ರೂಪಾಯಿ ದಂಡ ವಿಧಿಸಿ, ಅದನ್ನು ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಲು ಹೇಳಿತು. ಎಂಥ ಹಿರಿಯ ವಕೀಲರಿದ್ದರೂ ಆ ದಿನಗಳನ್ನು ಮರಳಿ ತರಲಾರರು.

ಕಾನೂನಿನ ತೊಡಕೂ ಇದೆ. ಪೂರ್ಣಾವಧಿ ಸಂಬಳದ ನೌಕರರು ವಕೀಲಿ ವೃತ್ತಿ ನಡೆಸುವುದನ್ನು ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್‌ನ ನಿಯಮ ತಡೆಯುತ್ತದೆ. ವಕೀಲಿ ನೋಂದಣಿ ಉಳಿಸಿಕೊಳ್ಳಲು ಹೋರಾಡಿದ ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರು 2001ರಲ್ಲಿ ಈ ಕಾರಣಕ್ಕೇ ಸುಪ್ರೀಂ ಕೋರ್ಟಿನಲ್ಲಿ ಸೋತರು. ಹಾಗಾಗಿ ‘ನಮ್ಮದೇ ವಕೀಲರು’ ಎಂದರೆ ಕೊನೆಗೆ ನಿಗಮ ಮಂಡಳಿಗಳಲ್ಲಿರುವಂಥ ಪ್ಯಾನೆಲ್ ವಕೀಲರೇ, ಅಂದರೆ ಸಂಸ್ಥೆ ತನ್ನ ಪಟ್ಟಿಯಲ್ಲಿಟ್ಟುಕೊಂಡು ಪ್ರಕರಣ ವಹಿಸುವ ಹೊರಗಿನ ವಕೀಲರೇ. ಆ ಪಟ್ಟಿಗೆ ಯಾರು ಹೇಗೆ ಸೇರುತ್ತಾರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಒಂದೇ ಸರ್ವೆ ನಂಬರನ್ನು ಅರಣ್ಯ ಇಲಾಖೆ ಅರಣ್ಯವೆಂದೂ ಕಂದಾಯ ಇಲಾಖೆ ಕಂದಾಯ ಭೂಮಿಯೆಂದೂ ಹೇಳುವ ನಾಡಿನಲ್ಲಿ, ಇಬ್ಬರಿಗೂ ಪ್ರತ್ಯೇಕ ವಕೀಲರು ಸಿಕ್ಕರೆ ಸರ್ಕಾರವೇ ಸರ್ಕಾರದ ವಿರುದ್ಧ ವಾದಿಸುತ್ತದೆ, ನಡುವೆ ಸಾಗುವಳಿದಾರ ಕಾಯುತ್ತಾನೆ. ಇಡೀ ರಾಜ್ಯ ಸರ್ಕಾರಕ್ಕೆ ಒಬ್ಬರೇ ಮುಖ್ಯ ವಕೀಲರಾಗಿರುವ, ಸಂವಿಧಾನದ 165ನೇ ವಿಧಿಯ ಅಡ್ವೊಕೇಟ್ ಜನರಲ್ ಹುದ್ದೆಯ ಬೆಲೆ ತಿಳಿಯುವುದು ಇಲ್ಲಿಯೇ. ಆ ಕಚೇರಿ ನಿರ್ದೋಷಿಯೆಂದು ನಾನು ಹೇಳುತ್ತಿಲ್ಲ. ಸರ್ಕಾರ ಬದಲಾದಾಗಲೆಲ್ಲ ಸರ್ಕಾರಿ ವಕೀಲರೂ ಬದಲಾಗುತ್ತಾರೆ, ನೇಮಕದಲ್ಲಿ ಅರ್ಹತೆಯೇ ಮಾನದಂಡವಾಗಬೇಕೆಂದು ಪಂಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಬೇಕಾಯಿತು.

ಆದ್ದರಿಂದ ಇಲಾಖೆಗಳಿಗೆ ಬೇಕಿರುವುದು ಕಡತವನ್ನು ಓದಬಲ್ಲ, ನೋಟಿಸಿಗೆ ಗಡುವಿನೊಳಗೆ ಉತ್ತರಿಸಬಲ್ಲ, ‘ಈ ಪ್ರಕರಣದಲ್ಲಿ ತಪ್ಪು ನಮ್ಮದೇ, ಮೇಲ್ಮನವಿ ಬೇಡ’ ಎಂದು ಬರೆಯಬಲ್ಲ ಕಾಯಂ ಕಾನೂನು ಅಧಿಕಾರಿ. ಅವರ ಬಡ್ತಿ, ವರ್ಗಾವಣೆಗಳು ಮಾತ್ರ ಕಾನೂನು ಇಲಾಖೆಯ ಕೈಯಲ್ಲಿರಲಿ. ತಾವು ಕೂತ ಇಲಾಖೆಯ ಮುಖ್ಯಸ್ಥರ ಕೈಯಲ್ಲಿದ್ದರೆ ಆ ಕೊನೆಯ ಮಾತನ್ನು ಬರೆಯುವ ಧೈರ್ಯ ಯಾರಿಗೂ ಬಾರದು.