20 ಪೈಲ್ವಾನರು, 15,000 ಉಸ್ತಾದರು

ಅಮೆರಿಕದ ಅಯೋವಾ ರಾಜ್ಯದಲ್ಲಿ ಎರಡೇ ಬೆಳೆ. ಒಂದು ಮೆಕ್ಕೆಜೋಳ, ಇನ್ನೊಂದು ಕುಸ್ತಿ. ಜೋಳ ಬೇಸಿಗೆಯದು. ಕುಸ್ತಿ ಚಳಿಗಾಲದ್ದು, ಹೊಲವೆಲ್ಲ ಹಿಮ ಹೊದ್ದು ಮಲಗಿರುವಾಗಿನದು. ಜನವರಿಯಲ್ಲಿ ಅಲ್ಲಿಗೆ ಹೋದರೆ ನೋಡುವುದಕ್ಕೆ ಏನೂ ಇರುವುದಿಲ್ಲ ಎಂದು ನನ್ನ ಹೆಂಡತಿ ಮೊದಲೇ ಹೇಳಿದ್ದಳು. ಹೇಳಿದವಳೇ ಟಿಕೆಟ್ಟೂ ಮಾಡಿಸಿದಳು. ಯಾಕೆಂದರೆ ಸೀಡರ್ ರ‍್ಯಾಪಿಡ್ಸ್ ಊರಿನಲ್ಲಿ ಅವಳ ತಂಗಿ ಇದ್ದಾಳೆ. ತಂಗಿ ಇದ್ದಲ್ಲಿ ತಂಗಿಯ ಗಂಡನೂ ಇರುತ್ತಾನೆ. ಅಂದರೆ ನನ್ನ ಷಡ್ಡಕ.

ಷಡ್ಡಕ ಮೈಸೂರಿನವರು. ಗರಡಿಮನೆ ಇರುವ ಬೀದಿಯಲ್ಲೇ ಹುಟ್ಟಿ ಬೆಳೆದವರು. ಆದರೆ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ಮಟ್ಟಿಯ ವಾಸನೆ ಬಡಿದರೆ ಸೀನು ಬರುತ್ತಿತ್ತಂತೆ. ದಸರಾ ಕುಸ್ತಿಗೆ ಅಪ್ಪ ಕರೆದರೆ ಹೊಟ್ಟೆನೋವು ಅಂತ ಮಲಗುತ್ತಿದ್ದವರು. ಅಂಥವರು ಅಯೋವಾಕ್ಕೆ ಹೋದ ಎರಡನೇ ವರ್ಷಕ್ಕೇ ಕುಸ್ತಿ ಪಂಡಿತರಾಗಿದ್ದಾರೆ. ಕಪ್ಪು ಹಳದಿ ಸ್ವೆಟರ್ ಹಾಕಿಕೊಂಡು, ನನಗೂ ಒಂದು ತೊಡಿಸಿ, "ಅಣ್ಣಾ, ಇವತ್ತು ನಿಮಗೆ ನಿಜವಾದ ಕುಸ್ತಿ ತೋರಿಸ್ತೀನಿ" ಎಂದರು. ಮೈಸೂರಿನವರ ಬಾಯಲ್ಲಿ ಈ ಮಾತು ಕೇಳಿ ನನಗೆ ಸ್ವಲ್ಪ ಕೋಪ ಬಂತು. ಸ್ವೆಟರ್ ಬೆಚ್ಚಗಿತ್ತು, ಸುಮ್ಮನಾದೆ.

ಅಯೋವಾ ಸಿಟಿಯಲ್ಲಿ ಅಯೋವಾ ವಿಶ್ವವಿದ್ಯಾಲಯದ ಕಾರ್ವರ್-ಹಾಕ್‌ಐ ಅರೀನಾ ಒಂದು ವಿಚಿತ್ರ ಕಟ್ಟಡ. ಬಾಗಿಲು ಮೇಲೆ, ಅಖಾಡ ಕೆಳಗೆ. ಒಳಗೆ ಹೋದರೆ ಬಾವಿಗೆ ಇಳಿದ ಹಾಗೆ ಮೆಟ್ಟಿಲು ಇಳಿಯುತ್ತಾ ಹೋಗಬೇಕು. 1983ರ ಜನವರಿಯಲ್ಲಿ ಇದನ್ನು ಶುರು ಮಾಡಿದಾಗ ಮೊದಲು ನಡೆದದ್ದು ಬ್ಯಾಸ್ಕೆಟ್‌ಬಾಲ್ ಅಲ್ಲ, ಕುಸ್ತಿ. ಹೊರಗೆ ಡ್ಯಾನ್ ಗೇಬಲ್ ಅವರ ಕಂಚಿನ ಪ್ರತಿಮೆ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡದೆ ಚಿನ್ನ ಗೆದ್ದವರು. ಆಮೇಲೆ ಅಯೋವಾದ ಕೋಚ್ ಆಗಿ 15 ಸಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು. ಷಡ್ಡಕ ಪ್ರತಿಮೆಯ ಮುಂದೆ ಚಪ್ಪಲಿ ಬಿಡಲಿಲ್ಲ ಅಷ್ಟೇ. ಹಿಮ ಇಲ್ಲದಿದ್ದರೆ ಬಿಡುತ್ತಿದ್ದರೋ ಏನೋ.

ತಮಾಷೆ ಏನೆಂದರೆ, ಗೇಬಲ್ ಓದಿದ್ದು ಈ ಕಾಲೇಜಿನಲ್ಲಲ್ಲ. ಇವರ ಬದ್ಧ ವೈರಿಯಾದ, ಇದೇ ರಾಜ್ಯದ ಅಯೋವಾ ಸ್ಟೇಟ್‌ನಲ್ಲಿ. ಹೈಸ್ಕೂಲು, ಕಾಲೇಜು ಎರಡೂ ಸೇರಿ ಅವರು 181 ಗೆದ್ದು ಒಂದು ಸೋತರು. ಆ ಒಂದು ಸೋಲು 1970ರ ಫೈನಲ್‌ನಲ್ಲಿ, ಲ್ಯಾರಿ ಓವಿಂಗ್ಸ್ ಎಂಬುವರ ಕೈಯಲ್ಲಿ, 13-11ರಲ್ಲಿ. 181 ಗೆಲುವಿನಲ್ಲಿ ಒಂದರ ಸ್ಕೋರನ್ನಾದರೂ ಹೇಳಿ ಎಂದು ಷಡ್ಡಕನನ್ನು ಕೇಳಿದೆ. ಆಕಾಶ ನೋಡಿದರು. 13-11 ಮಾತ್ರ ಬಾಯಿಪಾಠ.

ಡ್ಯುಯಲ್ ಮೀಟ್ ಅಂದರೆ ಎರಡು ಕಾಲೇಜುಗಳ ನಡುವೆ 10 ಜೋಡಿ ಕುಸ್ತಿ. 125 ಪೌಂಡ್ ಹುಡುಗನಿಂದ, ಅಂದರೆ ಸುಮಾರು 57 ಕಿಲೋದಿಂದ ಹಿಡಿದು, 285 ಪೌಂಡಿನ ಗುಡ್ಡದವರೆಗೆ. ಒಂದೊಂದು ಜೋಡಿಗೂ 7 ನಿಮಿಷ. ಗೆದ್ದರೆ ತಂಡಕ್ಕೆ 3 ಪಾಯಿಂಟ್ (ಡಿಸಿಷನ್), ಜಾಸ್ತಿ ಅಂತರದಲ್ಲಿ ಗೆದ್ದರೆ 4 (ಮೇಜರ್) ಅಥವಾ 5, ಚಿತ್ ಮಾಡಿದರೆ 6. ಹೀಗಾಗಿ 5-5 ಜೋಡಿ ಗೆದ್ದರೂ ಒಂದು ತಂಡ ಸೋಲಬಹುದು. ಲೆಕ್ಕ ಬರುವವರಿಗೆ ಸುಗ್ಗಿ. ಷಡ್ಡಕ ಮೊಬೈಲ್ ತೆಗೆದು ಕೂತರು. ವರ್ಷಾ ವರ್ಷಾ ಆದಾಯ ತೆರಿಗೆ ಲೆಕ್ಕವನ್ನು ಹೆಂಡತಿಯಿಂದ ಮಾಡಿಸುವ ಮನುಷ್ಯ, "149ರಲ್ಲಿ ಮೇಜರ್ ಬಂದು 174ರಲ್ಲಿ ಬರೀ ಡಿಸಿಷನ್ ಕೊಟ್ಟರೆ ಹೆವಿವೇಟ್‌ಗೆ ಮುಂಚೆ ಎರಡು ಮುಂದೆ" ಎಂದು ಒಂದೇ ಉಸಿರಿಗೆ ಹೇಳಿದರು.

ನನ್ನ ಎಡಗಡೆ ಒಬ್ಬ ಅಜ್ಜಿ. ಎಪ್ಪತ್ತೈದರ ಮೇಲಿರಬೇಕು. ಬೆಳ್ಳಿ ಕೂದಲು, ಕೈಯಲ್ಲೇ ಹೆಣೆದಂತಿದ್ದ ಹಳದಿ ಟೋಪಿ. ಕೂತ ತಕ್ಷಣ ಪರ್ಸಿನಿಂದ ಪೆಪ್ಪರ್‌ಮೆಂಟು ತೆಗೆದು ನನಗೊಂದು ಕೊಟ್ಟರು. ಯಾವ ದೇಶ, ಎಷ್ಟು ಮಕ್ಕಳು ಅಂತ ವಿಚಾರಿಸಿದರು. ಎಷ್ಟು ಒಳ್ಳೆಯ ಜನ ಅಂದುಕೊಂಡೆ. ಮೊದಲ ಜೋಡಿ ಮ್ಯಾಟಿಗೆ ಬರುತ್ತಿದ್ದಂತೆ ಅವರು ಎರಡೂ ಕಿವಿಯ ಯಂತ್ರ ತೆಗೆದು, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಪರ್ಸಿಗೆ ಹಾಕಿ ಜಿಪ್ ಎಳೆದರು. ಯಾಕೆ ಅಂತ ಅರ್ಥವಾಗಲು 40 ಸೆಕೆಂಡ್ ಸಾಕಾಯಿತು.

"ಸ್ಟಾಲಿಂಗ್!"

ನನ್ನ ಪೆಪ್ಪರ್‌ಮೆಂಟು ನೇರವಾಗಿ ಗಂಟಲಿಗೆ ಇಳಿಯಿತು.

ಸ್ಟಾಲಿಂಗ್ ಅಂದರೆ ಹಿಡಿಯದೆ, ಬಿಡದೆ, ಸುಮ್ನೆ ಹೊತ್ತು ಕಳೆಯುವುದು. ರೆಫರಿಗೆ ಹಾಗನ್ನಿಸಿದರೆ ಮುಷ್ಟಿ ಮೇಲೆತ್ತುತ್ತಾನೆ. ಮೊದಲ ಸಲ ಎಚ್ಚರಿಕೆ, ಆಮೇಲೆ ಎದುರಾಳಿಗೆ ಪಾಯಿಂಟು. ನಿಯಮ ಇಷ್ಟೇ. ಆದರೆ ಗ್ಯಾಲರಿಗೆ ಅದರದೇ ನಿಘಂಟು ಇದೆ. ನಮ್ಮ ಹುಡುಗ ಹಿಂದೆ ಸರಿದರೆ ಅದು ತಾಳ್ಮೆ. ಅವರ ಹುಡುಗ ಸರಿದರೆ ಸ್ಟಾಲಿಂಗ್. ನಮ್ಮವನು ಬೆನ್ನ ಮೇಲೆ ಕೂತು ಎರಡು ನಿಮಿಷ ಅಲ್ಲಾಡದಿದ್ದರೆ 'ಏನು ಹಿಡಿತ ಮಾರಾಯ'. ಅವರವನು ಕೂತರೆ, ಬಸ್ಸಿನಲ್ಲಿ ಟವೆಲ್ ಹಾಸಿ ಸೀಟು ಹಿಡಿದವನನ್ನು ನೋಡುವ ಹಾಗೆ ನೋಡುತ್ತಾರೆ. ನಮ್ಮವನು ಮೊಣಕಾಲು ಹಿಡಿದುಕೊಂಡು ಕೂತರೆ 15,000 ಜನ ಉಸಿರು ಬಿಗಿಹಿಡಿಯುತ್ತಾರೆ. ಅವರವನು ಹಿಡಿದುಕೊಂಡರೆ ಪ್ರತಿಯೊಬ್ಬರೂ ಮೂಳೆ ಡಾಕ್ಟರು. ಸ್ಕ್ಯಾನಿಂಗ್ ಇಲ್ಲದೆ ರಿಪೋರ್ಟ್ ಬರುತ್ತದೆ: ನಾಟಕ.

ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗದಲ್ಲಿ ಈ ರಗಳೆಯೇ ಇಲ್ಲ ನೋಡಿ. ವಿಜಯದಶಮಿಯ ದಿನ ತಲೆ ಬೋಳಿಸಿಕೊಂಡ ಜಟ್ಟಿಗಳು ಅಖಾಡಕ್ಕೆ ಇಳಿಯುತ್ತಾರೆ. ಒಂದು ಹನಿ ರಕ್ತ ಕಂಡರೆ ಮುಗಿಯಿತು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಜನ ಜಂಬೂಸವಾರಿಗೆ ಜಾಗ ಹಿಡಿಯಲು ಓಡುತ್ತಿರುತ್ತಾರೆ. ಇದನ್ನು ಷಡ್ಡಕನಿಗೆ ಹೇಳಿದೆ. "ಅದರಲ್ಲಿ ರೈಡಿಂಗ್ ಟೈಮ್ ಇಲ್ಲವಲ್ಲ ಅಣ್ಣಾ" ಎಂದರು, ಪಾಪ ಅನ್ನುವ ದನಿಯಲ್ಲಿ.

ರೈಡಿಂಗ್ ಟೈಮ್ ಅಂದರೆ ಎದುರಾಳಿಯನ್ನು ಕೆಳಗೆ ಅದುಮಿ ಹಿಡಿದ ಹೊತ್ತಿನ ಲೆಕ್ಕ. ಇಬ್ಬರ ಹೊತ್ತಿನ ನಡುವೆ ಒಂದು ನಿಮಿಷ ವ್ಯತ್ಯಾಸವಾದರೆ ಒಂದು ಪಾಯಿಂಟು. ಅದಕ್ಕೇ ಬೇರೆ ಗಡಿಯಾರ ಓಡುತ್ತಿರುತ್ತದೆ. ಅದು 58 ಸೆಕೆಂಡಿಗೆ ಬಂದಾಗ ಗ್ಯಾಲರಿಯ ಮುಖಗಳನ್ನು ನೋಡಬೇಕು. ಹಾಲು ಉಕ್ಕುವ ಮುಂಚೆ ಒಲೆಯ ಮುಂದೆ ನಿಂತವರ ಮುಖ.

ಇನ್ನು ಬೆರಳಿನ ಕತೆ. ಎದುರಾಳಿಯನ್ನು ನೆಲಕ್ಕೆ ಕೆಡವಿದರೆ ಟೇಕ್‌ಡೌನ್. ಮೊದಲೆಲ್ಲ ಅದಕ್ಕೆ 2 ಪಾಯಿಂಟ್ ಇತ್ತು. ತಲೆಮಾರುಗಳಿಂದ ಜನ ಎರಡು ಬೆರಳೆತ್ತಿ "ಟೂ!" ಅಂತ ಅರಚಿ ಬೆಳೆದಿದ್ದಾರೆ. 2023-24ರ ಸೀಸನ್‌ನಿಂದ ಅದು 3 ಆಯಿತು. ತಲೆಗೆ ಹೊಸ ನಿಯಮ ಇಳಿದಿದೆ, ಕೈಗೆ ಇಳಿದಿಲ್ಲ. ನಮ್ಮ ಹುಡುಗ ಒಂದು ಕಾಲು ಹಿಡಿದು ಎತ್ತಿದ ಕೂಡಲೇ ಅಜ್ಜಿಯ ಕೈ ಎರಡು ಬೆರಳಿನೊಂದಿಗೆ ಮೇಲೆದ್ದಿತು. ಅರ್ಧ ದಾರಿಯಲ್ಲಿ ನೆನಪಾಗಿ ಮೂರನೇ ಬೆರಳು ಹೊರಬಂತು. ಅಷ್ಟರಲ್ಲಿ ಇಬ್ಬರೂ ಗೆರೆಯಾಚೆ ಉರುಳಿದ್ದರು, ರೆಫರಿ ಏನೂ ಕೊಡಲಿಲ್ಲ. ಅಜ್ಜಿ ಮೂರು ಬೆರಳನ್ನೂ ಮಡಚಿ ಮುಷ್ಟಿ ಮಾಡಿ ರೆಫರಿಯತ್ತ ಆಡಿಸಿದರು. ಅದು ಸ್ಟಾಲಿಂಗ್ ಸನ್ನೆಯೋ, ಬೇರೆ ಏನೋ, ನಾನು ವಿಚಾರಿಸಲಿಲ್ಲ.

ಆಗ ನಮ್ಮ ಕೋಚ್ ಮ್ಯಾಟಿನ ಮೇಲೆ ಇಟ್ಟಿಗೆ ಎಸೆದರು.

ಹೆದರಬೇಡಿ, ಅದು ಸ್ಪಂಜಿನ ಇಟ್ಟಿಗೆ. ತೀರ್ಪು ಒಪ್ಪಿಗೆಯಾಗದಿದ್ದರೆ ಕೋಚ್ ಅದನ್ನು ಎಸೆದು ವಿಡಿಯೋ ನೋಡಿ ಎಂದು ಕೇಳಬಹುದು. ನಿಜವಾದ ಇಟ್ಟಿಗೆ ಯಾಕೆ ಕೊಟ್ಟಿಲ್ಲ ಎನ್ನುವುದು ಆ ಕೋಚ್ ಎಸೆದ ರಭಸ ನೋಡಿದರೆ ಗೊತ್ತಾಗುತ್ತದೆ. ರೆಫರಿಗಳು ಪುಟ್ಟ ಪರದೆಯ ಮುಂದೆ ಬಗ್ಗಿ, ಒಂದು ಕಾಲ್ಬೆರಳು ಗೆರೆಯ ಒಳಗಿತ್ತೋ ಹೊರಗಿತ್ತೋ ಎಂದು ನಿಧಾನಕ್ಕೆ ಓಡಿಸಿ ನೋಡುತ್ತಿದ್ದರು. ಗ್ಯಾಲರಿಗೆ ವಿಡಿಯೋ ಬೇಕಾಗಿಲ್ಲ. ಅಷ್ಟು ಎತ್ತರದಲ್ಲಿ ಕೂತು, ಎದುರಿನವನ ತಲೆ ಅಡ್ಡ ಇದ್ದರೂ, ಬೆರಳು ಒಳಗೇ ಇತ್ತು ಎಂದು ಎಲ್ಲರಿಗೂ ಕಂಡಿದೆ. ಷಡ್ಡಕನಿಗೆ ಉಗುರೂ ಕಂಡಿತಂತೆ. ತೀರ್ಪು ಬದಲಾಗಲಿಲ್ಲ. ಆಗ ಎದ್ದ ಗದ್ದಲಕ್ಕೆ ಆ ಬಾವಿಯೇ ಉಕ್ಕಿ ಬಂದ ಹಾಗಾಯಿತು.

ನನ್ನ ಎದುರಿನ ಸಾಲಿನಲ್ಲಿ ಒಬ್ಬ ಭಾರೀ ಆಸಾಮಿ ಇದ್ದರು. ಮಡಿಲಲ್ಲಿ ಚೀಸ್ ಸುರಿದ ನಾಚೋಸ್ ತಟ್ಟೆ, ಕಾಲ ಬಳಿ ಬಕೆಟ್ ಅನ್ನಬಹುದಾದ ಒಂದು ಲೋಟ. ಅವರ ಕೂಗೆಲ್ಲ ಒಂದೇ: "ಇವನಿಗೆ ದಮ್ಮಿಲ್ಲ! ಫಿಟ್‌ನೆಸ್ ಇಲ್ಲ!" ಕೂಗಿದ್ದಕ್ಕೇ ದಮ್ಮು ಕಟ್ಟಿ ಎರಡು ಗುಟುಕು ಕುಡಿದರು. ಕೆಳಗೆ ಇದ್ದ ಹುಡುಗ ತೂಕಕ್ಕೆ ಬರಲು ಎಷ್ಟು ದಿನ ಸರಿಯಾಗಿ ಉಂಡಿಲ್ಲವೋ. ಈ ತೂಕದ ವಿಷಯ ನಗುವಂಥದ್ದಲ್ಲ. 1997ರ ನವೆಂಬರ್, ಡಿಸೆಂಬರ್‌ನಲ್ಲಿ ಐದು ವಾರದೊಳಗೆ ಮೂವರು ಕಾಲೇಜು ಪೈಲ್ವಾನರು ಅವಸರದಲ್ಲಿ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆಯೇ ಬೆವರಿಳಿಸುವ ರಬ್ಬರ್ ಸೂಟು, ಬಿಸಿ ಕೋಣೆ ಎಲ್ಲ ನಿಷೇಧವಾಗಿ ನಿಯಮ ಬಿಗಿಯಾಯಿತು. ಅಷ್ಟಾದರೂ ಆಸಾಮಿಗೆ ಸಮಾಧಾನವಿಲ್ಲ. ಆ ಹುಡುಗ ಒಂದು ಕ್ಲಾಸ್ ಕೆಳಗೆ ಇಳಿಯಬೇಕಿತ್ತಂತೆ. "ಎಂಟು ಪೌಂಡ್ ಏನು ಮಹಾ!" ಎನ್ನುತ್ತಾ ಚೀಸ್ ಹತ್ತಿದ ಬೆರಳು ನೆಕ್ಕಿದರು.

ಇಂಟರ್ವಲ್‌ನಲ್ಲಿ ರಾಜಕೀಯ ಶುರುವಾಯಿತು. ಇಲ್ಲಿಯವರ ಹೊಟ್ಟೆಯುರಿಗೆ ಒಂದು ಹೆಸರಿದೆ, ಪೆನ್ ಸ್ಟೇಟ್ ಕಾಲೇಜು. 2011ರಿಂದ 2025ರ ನಡುವೆ ಅವರು 12 ಸಲ ರಾಷ್ಟ್ರೀಯ ಪ್ರಶಸ್ತಿ ಹೊಡೆದಿದ್ದಾರೆ. ಅಯೋವಾದ ಖಾತೆಯಲ್ಲಿ ಒಟ್ಟು 24 ಇವೆ, ನಿಜ. ಆದರೆ ಈ 12ರ ಕಾಲದಲ್ಲಿ ಇವರಿಗೆ ಸಿಕ್ಕಿದ್ದು 2021ರ ಒಂದೇ. ಹಳೇ ಜಮೀನ್ದಾರರ ಮನೆಯ ಪರಿಸ್ಥಿತಿ: ಗೋಡೆಯ ಮೇಲೆ ಫೋಟೋ ಜಾಸ್ತಿ, ಕಣಜದಲ್ಲಿ ಕಾಳು ಕಮ್ಮಿ. ಷಡ್ಡಕನ ಪ್ರಕಾರ ಅದಕ್ಕೆಲ್ಲ ದುಡ್ಡೇ ಕಾರಣ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ದುಡಿಯಬಹುದು, ಕಾಲೇಜು ಬದಲಿಸುವುದೂ ಸುಲಭವಾಗಿದೆ. "ಹುಡುಗರನ್ನ ಕೊಂಡ್ಕೊಳ್ತಾರೆ ಅಣ್ಣಾ, ಸಂತೇಲಿ ಎತ್ತು ಕೊಂಡ ಹಾಗೆ" ಎಂದರು. ನಿಮ್ಮ ಟೀಮಿಗೂ ಬೇರೆ ಕಾಲೇಜಿಂದ ಹುಡುಗರು ಬಂದಿದ್ದಾರಲ್ವಾ ಎಂದೆ. "ಅದು ಬೇರೆ. ಅವರು ಭಕ್ತಿಯಿಂದ ಬಂದವರು."

ಪಕ್ಕದವರು ಹಳೆಯ ವೈಭವ ತೆಗೆದರು. 2015ರ ನವೆಂಬರ್ 14ರಂದು ಇಲ್ಲಿನ ಫುಟ್‌ಬಾಲ್ ಮೈದಾನ ಕಿನಿಕ್ ಸ್ಟೇಡಿಯಂನಲ್ಲಿ, ಬಯಲಿನಲ್ಲೇ ಮ್ಯಾಟ್ ಹಾಕಿ ಓಕ್ಲಹೋಮ ಸ್ಟೇಟ್ ಮೇಲೆ ಕುಸ್ತಿ ಆಡಿಸಿದ್ದರು. 42,287 ಜನ ಸೇರಿದ್ದರು. ಅಯೋವಾ 18-16ರಲ್ಲಿ ಗೆದ್ದಿತು. ಆ ದಿನ ನಾನಿದ್ದೆ ಎಂದು ನಮ್ಮ ಸಾಲಿನಲ್ಲೇ ಹತ್ತು ಜನ ಹೇಳಿದರು. ಷಡ್ಡಕನೂ ತಲೆಯಾಡಿಸಿದರು. ಆ ತಿಂಗಳು ಅವರು ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು, ದೀಪಾವಳಿಗೆ ನನ್ನ ಕೈಯಲ್ಲೇ ಪಂಚೆ ಶರ್ಟು ತೆಗೆದುಕೊಂಡಿದ್ದರು. ನಾನು ಬಾಯಿ ಬಿಡಲಿಲ್ಲ. ರಾತ್ರಿ ಊಟ ಅವರ ಮನೆಯಲ್ಲಿತ್ತು.

ಕೊನೆಗೆ ಏನಾಯಿತು ಅಂತ ಕೇಳುತ್ತೀರಿ. ಸೋತರು. ಎದುರಾಳಿ ಯಾವ ಕಾಲೇಜು ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಅಲ್ಲಿ ನನಗೆ ಕಾಫಿ ಸಿಗುವುದಿಲ್ಲ. ಹೆವಿವೇಟ್ ಜೋಡಿಯಲ್ಲಿ ನಮ್ಮ ಹುಡುಗ ಚಿತ್ ಮಾಡಿದ್ದರೆ ಗೆಲ್ಲಬಹುದಿತ್ತು. ಎರಡು ಹೆಗಲು ಒಂದೇ ಒಂದು ಸೆಕೆಂಡ್ ಮ್ಯಾಟಿಗೆ ಅಂಟಿದರೆ ಸಾಕು. ಒಂದು ಹೆಗಲು ಅಂಟಿತ್ತು, ಇನ್ನೊಂದು ಅಂಟಲಿಲ್ಲ. 15,000 ಜನ ತಮ್ಮ ತಮ್ಮ ಸೀಟಿನಲ್ಲೇ ಬಲಗಡೆ ವಾಲಿ ಒತ್ತಿದರು. ಎದುರಿನ ಆಸಾಮಿ ಒತ್ತಿದ ರಭಸಕ್ಕೆ ಉಳಿದ ನಾಚೋಸ್ ನನ್ನ ಬೂಟಿನ ಮೇಲೆ ಬಿತ್ತು. ಆ ಹೆಗಲು ಮಾತ್ರ ಅಲ್ಲೇ ಇತ್ತು. ಪಂದ್ಯ ಮುಗಿದ ಮೇಲೆ ಇಬ್ಬರು ಹುಡುಗರೂ ಕೈ ಕುಲುಕಿ, ಬೆನ್ನು ತಟ್ಟಿಕೊಂಡು, ಏನೋ ಮಾತಾಡಿ ನಕ್ಕರು. ಗ್ಯಾಲರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

ಹೊರಗೆ ಮೈನಸ್ 12 ಡಿಗ್ರಿ. ಪಾರ್ಕಿಂಗ್‌ನಿಂದ ಕಾರುಗಳ ಸಾಲು ಇಂಚು ಇಂಚಾಗಿ ಹೊರಡುತ್ತಿತ್ತು. ಷಡ್ಡಕ ಸ್ಟೀರಿಂಗ್ ಹಿಡಿದು ಮತ್ತೆ ಲೆಕ್ಕ ಶುರು ಮಾಡಿದರು: ಆ ಇಟ್ಟಿಗೆ ಸರಿಯಾಗಿ ಬಿದ್ದಿದ್ದರೆ, ಆ ಬೆರಳು ಒಳಗಿದ್ದಿದ್ದರೆ. ಇಪ್ಪತ್ತು ನಿಮಿಷವಾದರೂ ಮುಂದಿನ ಹಳೇ ಪಿಕಪ್ ಟ್ರಕ್ ಅಲ್ಲಾಡಲಿಲ್ಲ. ಅವರ ತಾಳ್ಮೆ ತಪ್ಪಿತು. ಹಾರ್ನ್ ಒತ್ತಿ, ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ ಅರಚಿದರು.

"ಸ್ಟಾಲಿಂಗ್!"

ಟ್ರಕ್ಕಿನ ಕಿಟಕಿ ನಿಧಾನಕ್ಕೆ ಕೆಳಗಿಳಿಯಿತು. ಹಳದಿ ಟೋಪಿಯ ತಲೆಯೊಂದು ಸ್ವಲ್ಪ ತಿರುಗಿತು. ಒಂದು ಕೈ ಹೊರಬಂದು, ಮುಷ್ಟಿ ಕಟ್ಟಿ, ನೇರವಾಗಿ ಮೇಲೆದ್ದು ಹಾಗೇ ನಿಂತಿತು. ನಮ್ಮ ಕಡೆಗೇ. ಕಿವಿಯ ಯಂತ್ರ ಮತ್ತೆ ಹಾಕಿಕೊಂಡಿದ್ದರು ಅಂತ ಕಾಣುತ್ತದೆ.